ಹಿಟ್ಟಿನ ಲಾರಿಯ ಮೆಲ್ಲಣ್ಣ

ಗಿರಣಿಯಲ್ಲಿ ಅವನಿಗೆ ಮೆಲ್ಲಣ್ಣ ಎಂಬ ಹೆಸರು ಬಿದ್ದದ್ದು ಕೆಲಸಕ್ಕೆ ಸೇರಿದ ಎರಡನೆಯ ವಾರದಲ್ಲೇ. ಹಿಟ್ಟಿನ ಮೂಟೆ ತುಂಬಿದ ಲಾರಿಯನ್ನು ಎಷ್ಟು ಮೆಲ್ಲಗೆ ಹೊರಡಿಸುತ್ತಿದ್ದನೆಂದರೆ, ಮೇಲೆ ಕೂತ ಹಮಾಲಿಗಳಿಗೆ ಲಾರಿ ಹೊರಟಿದೆ ಎಂದು ತಿಳಿಯುತ್ತಿದ್ದದ್ದು ಗೇಟು ದಾಟಿದ ಮೇಲೆಯೇ. ಹಾರ್ನ್ ಹೊಡೆಯುವವನಲ್ಲ, ಮುಂದಿನವನನ್ನು ಹಿಂದೆ ಹಾಕುವವನಲ್ಲ, ಯಾರಾದರೂ ಬೈದರೆ ಕಿಟಕಿಯ ಗಾಜು ಏರಿಸಿಕೊಳ್ಳುವವನು. “ಇವನ ಲಾರೀಲಿ ಮೊಟ್ಟೆ ಇಟ್ರೆ ಒಡೆಯಲ್ಲ ಕಣೋ, ಆದ್ರೆ ತಲುಪೋ ಹೊತ್ತಿಗೆ ಮರಿಯಾಗಿರುತ್ತೆ” ಎಂದು ಹಮಾಲಿಗಳು ನಗುತ್ತಿದ್ದರು. ಅವನೂ ನಗುತ್ತಿದ್ದ.

ಅವನ ಮೆಲ್ಲಗಿನ ನಡೆ ಸ್ವಭಾವದಿಂದ ಬಂದದ್ದಲ್ಲ, ಹೆದರಿಕೆಯಿಂದ ಬಂದದ್ದು. ಅದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಏಳು ವರ್ಷಗಳ ಹಿಂದೆ, ಬೇರೊಂದು ಊರಿನ ಲೋಡಿಂಗ್ ಯಾರ್ಡಿನಲ್ಲಿ, ಸರದಿ ತಪ್ಪಿಸಿ ಲಾರಿ ನುಗ್ಗಿಸಿದ ಡ್ರೈವರೊಬ್ಬನ ಜೊತೆ ಅವನಿಗೆ ಮಾತಿಗೆ ಮಾತು ಬೆಳೆದಿತ್ತು. ಸೀಟಿನ ಕೆಳಗೆ ಕೈ ಹಾಕಿದಾಗ ಸಿಕ್ಕಿದ್ದು ಜಾಕಿಯ ರಾಡು. ಹೊಡೆದದ್ದು ಒಂದೇ ಏಟು. ಆ ಮನುಷ್ಯ ಸಾಯಲಿಲ್ಲ. ಆದರೆ ಅವನ ಎಡಗೈ ಮತ್ತೆಂದೂ ಸ್ಟೇರಿಂಗ್ ಹಿಡಿಯಲಿಲ್ಲ. ನ್ಯಾಯಾಲಯ ಐದು ವರ್ಷ ಶಿಕ್ಷೆ ಕೊಟ್ಟಿತು. ತನಗೆ ಸಿಕ್ಕಿದ್ದು ಜಾಸ್ತಿಯಾಯಿತು ಎಂದು ಮೆಲ್ಲಣ್ಣ ಒಂದು ದಿನವೂ ಅಂದುಕೊಂಡವನಲ್ಲ. ಅವನನ್ನು ಕಾಡುತ್ತಿದ್ದದ್ದು ಬೇರೆಯೇ. ರಾಡನ್ನು ಎತ್ತಿಕೊಂಡದ್ದು ಅವನಿಗೆ ನೆನಪೇ ಇರಲಿಲ್ಲ. ಕೈ ತಾನಾಗಿ ಹೋಗಿತ್ತು. ಒಂದು ಸಲ ಹೋದ ಕೈ ಇನ್ನೊಂದು ಸಲ ಹೋಗುವುದಿಲ್ಲ ಎಂದು ಹೇಗೆ ನಂಬುವುದು?

ಬಿಡುಗಡೆಯಾದ ಮೇಲೆ ಅವನು ಬಂದದ್ದು ಅಕ್ಕನ ಮನೆಗೆ. ಅಕ್ಕ ಶಾಲೆಯ ಸಮವಸ್ತ್ರಗಳನ್ನು ಹೊಲಿಯುವವಳು. ಭಾವ ಗಡಿಯಾರ ರಿಪೇರಿ ಮಾಡುವವರು, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಹೊಲಿಗೆ ಯಂತ್ರದ ಪಕ್ಕ ಒಂದು ಹಾಸಿಗೆ ಹಿಡಿಯುವಷ್ಟು ಜಾಗ ಮಾಡಿಕೊಟ್ಟರು. ಲೈಸೆನ್ಸು ನವೀಕರಣವಾಯಿತು. ಕೆಲಸ ಮಾತ್ರ ಸಿಗಲಿಲ್ಲ.

ಮೊದಲು ಹೋದ ಎರಡು ಸಾರಿಗೆ ಕಚೇರಿಗಳಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಎರಡು ಕಡೆಯೂ “ಫೋನ್ ಮಾಡ್ತೀವಿ” ಎಂದರು. ಮೂರನೆಯದು ಹಾಲಿನ ಡೈರಿ. ಅಲ್ಲಿನ ಮ್ಯಾನೇಜರು ಒಳ್ಳೆಯ ಮನುಷ್ಯ. ಕೂರಿಸಿ ಚಹಾ ಕೊಟ್ಟು ಎಲ್ಲ ಕೇಳಿಸಿಕೊಂಡ, ಪಾಪ ಎಂದು ತಲೆಯಾಡಿಸಿದ. ಆಡಿಸುತ್ತಲೇ ಮೇಜಿನ ಮೇಲಿದ್ದ ಕಾಗದ ಕತ್ತರಿಸುವ ಚಾಕುವನ್ನು ಸದ್ದಿಲ್ಲದೆ ಡ್ರಾಯರಿಗೆ ಸರಿಸಿದ. ಮೆಲ್ಲಣ್ಣ ಅದನ್ನು ನೋಡಿದ. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದ.

“ಮೂರು ಕಡೆ ಸತ್ಯ ಹೇಳಿದ್ಯಲ್ಲ, ಸಾಕು” ಎಂದಳು ಅಕ್ಕ. “ಸತ್ಯ ಹೇಳೋಕೂ ಹೊಟ್ಟೇಲಿ ಕೂಳಿರಬೇಕು. ಮುಂದಿನ ಸಲ ಬಾಯಿಗೆ ಬೀಗ ಹಾಕ್ಕೊಂಡು ಹೋಗು.”

ಹಿಟ್ಟಿನ ಗಿರಣಿಯ ಫಾರಂನಲ್ಲಿ ಹನ್ನೊಂದನೆಯ ಪ್ರಶ್ನೆ ಇತ್ತು: ನಿಮ್ಮ ಮೇಲೆ ಯಾವುದಾದರೂ ಅಪರಾಧ ಸಾಬೀತಾಗಿದೆಯೇ? ಮೆಲ್ಲಣ್ಣ ‘ಇಲ್ಲ’ ಎಂದು ಬರೆದ. ಎರಡಕ್ಷರ ಐದು ವರ್ಷವನ್ನು ನುಂಗಿ ನೀರು ಕುಡಿಯಿತು. ಆ ಐದು ವರ್ಷ ಎಲ್ಲಿದ್ದೆ ಎಂಬ ಪ್ರಶ್ನೆಗೆ ಭಾವ ತಾವೇ ಬಂದು, “ನನ್ನ ಅಂಗಡೀಲಿದ್ದ” ಎಂದು ಹೇಳಿ ಸಹಿ ಹಾಕಿದರು. ಜೀವಮಾನದಲ್ಲಿ ಸುಳ್ಳು ಹೇಳದವರ ಕೈಯಲ್ಲಿ ಸುಳ್ಳು ಬರೆಸಿದೆನಲ್ಲ ಎಂದು ವಾಪಸು ಬರುವಾಗ ದಾರಿಯುದ್ದಕ್ಕೂ ಮೆಲ್ಲಣ್ಣ ಕೊರಗಿದ. ಇನ್ನು ಸಿಕ್ಕಿಬಿದ್ದರೆ ತಾನೊಬ್ಬನೇ ಬೀಳುವುದಿಲ್ಲ.

ಏಳು ತಿಂಗಳು ಕಳೆದವು. ಬೆಳಗ್ಗೆ ಆರಕ್ಕೆ ಲೋಡು, ಮಧ್ಯಾಹ್ನದೊಳಗೆ ಹದಿನಾಲ್ಕು ಬೇಕರಿ, ಊಟ, ಮತ್ತೆ ಲೋಡು. ಮೂಗಿನಲ್ಲಿ, ಹುಬ್ಬಿನಲ್ಲಿ, ಬೂಟಿನೊಳಗೆ ಹಿಟ್ಟು. ಫೋನು ಹೊಡೆದುಕೊಂಡಾಗಲೆಲ್ಲ ಎದೆ ಹೊಡೆದುಕೊಳ್ಳುತ್ತಿದ್ದದ್ದು ನಿಧಾನವಾಗಿ ಕಡಿಮೆಯಾಯಿತು. ಗಿರಣಿಯ ಯಜಮಾನಿ ಒಂದೆರಡು ಸಲ ತನ್ನ ಮಗಳನ್ನು ಕಾಲೇಜಿನ ತಿರುವಿನವರೆಗೆ ಅವನ ಲಾರಿಯಲ್ಲೇ ಕಳಿಸಿದಳು.

ಎಂಟನೆಯ ತಿಂಗಳ ಒಂದು ಬೆಳಗ್ಗೆ ಗೇಟಿನ ಹತ್ತಿರ ಹೊಸ ದನಿಯೊಂದು ಕೇಳಿಸಿತು.

“ನಿಲ್ಲು. ನಂಬರ್ ಹೇಳು.”

ಮೆಲ್ಲಣ್ಣನ ಕಾಲು ಬ್ರೇಕಿನ ಮೇಲೆ ಬಿತ್ತು. ಮುಖ ನೋಡುವುದಕ್ಕೆ ಮುಂಚೆಯೇ ಆ ದನಿ ಯಾರದೆಂದು ಮೈಗೆ ಗೊತ್ತಾಗಿಹೋಯಿತು. ಐದು ವರ್ಷ ಬೆಳಗ್ಗೆ ಸಂಜೆ ಅದೇ ದನಿ ಅವನನ್ನು ಸಾಲಿನಲ್ಲಿ ನಿಲ್ಲಿಸಿ ಎಣಿಸಿತ್ತು. ಜೈಲಿನ ಎರಡನೆಯ ಬ್ಲಾಕಿನ ವಾರ್ಡರ್ ಈಗ ಗಿರಣಿಯ ಖಾಕಿ ಅಂಗಿ ತೊಟ್ಟು, ಕೈಯಲ್ಲಿ ರಿಜಿಸ್ಟರ್ ಹಿಡಿದು ನಿಂತಿದ್ದ. ಅವನ ಮಣಿಕಟ್ಟಿನಲ್ಲಿ ಭಾವನ ಅಂಗಡಿಯ ಗಡಿಯಾರವಿತ್ತು. ಭೇಟಿಯ ದಿನ ಅಕ್ಕನನ್ನು ಒಳಗೆ ಬಿಡಲು ಅವನು ಕೇಳಿ ಇಸಿದುಕೊಂಡದ್ದು.

ಗೇಟಿನವನು ಮೆಲ್ಲಣ್ಣನ ಮುಖವನ್ನು ಒಂದು ಕ್ಷಣ ಹೆಚ್ಚಾಗಿಯೇ ನೋಡಿದ. ಲಾರಿಯ ನಂಬರ್ ಬರೆದುಕೊಂಡ. ಗೇಟು ತೆರೆದ. ಒಂದು ಮಾತೂ ಆಡಲಿಲ್ಲ.

ಆಡಿದ್ದರೆ ಚೆನ್ನಾಗಿತ್ತು. ಮಾತಾಡದವನ ಮನಸ್ಸಿನಲ್ಲಿ ಏನಿದೆಯೋ ಯಾರಿಗೆ ಗೊತ್ತು? ದಿನಕ್ಕೆ ನಾಲ್ಕು ಸಲ ಅದೇ ಗೇಟು, ಅದೇ ಕಣ್ಣು. ಒಮ್ಮೆ ನಕ್ಕ ಹಾಗೆ ಕಾಣುತ್ತಿತ್ತು, ಒಮ್ಮೆ ಲೆಕ್ಕ ಹಾಕುವ ಹಾಗೆ. ಮೆಲ್ಲಣ್ಣನಿಗೆ ಅನ್ನ ಸೇರಲಿಲ್ಲ. ಪರಿಚಯದ ದಾರಿಯಲ್ಲೇ ತಿರುವು ತಪ್ಪಿದ. ಬೇಕರಿಯೊಂದರ ಮುಂದೆ ಇಬ್ಬರು ಪೊಲೀಸರು ಬ್ರೆಡ್ಡು ಕೊಳ್ಳುತ್ತಿದ್ದರೆ, ಅವರು ಹೋಗುವವರೆಗೂ ಲಾರಿಯಿಂದ ಇಳಿಯಲಿಲ್ಲ. “ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅಂತಾರಲ್ಲ, ಹಂಗಾಗಿದೆ ನನಗೆ” ಎಂದು ಅಕ್ಕನಿಗೆ ಹೇಳಿದ.

“ಯಾರು, ಆ ಗಡಿಯಾರದವನಾ?” ಎಂದಳು ಅಕ್ಕ. ಅವಳ ಕೈಯ ಸೂಜಿ ನಿಂತಿತು. “ಕೆಲಸ ಬಿಟ್ಬಿಡು.”

“ಬಿಟ್ಟು ಎಲ್ಲಿಗೆ ಹೋಗ್ಲಿ?”

ಭಾವ ತಮ್ಮ ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆದು, “ನನ್ನ ಸಹಿಗೆ ಹೆದರಬೇಡ” ಎಂದರು. ಅದನ್ನು ಕೇಳಿ ಮೆಲ್ಲಣ್ಣ ಇನ್ನಷ್ಟು ಹೆದರಿದ.

ಮೂರು ವಾರ ಹೀಗೇ ಹೋಯಿತು. ಒಂದು ದಿನ ಮೂಟೆ ಏರಿಸುತ್ತ ಹಮಾಲಿಯೊಬ್ಬ, “ಗೇಟಿನವನು ನಿನ್ನೆ ಸಂಜೆ ಯಜಮಾನಮ್ಮನ ರೂಮಲ್ಲಿ ಅರ್ಧ ಗಂಟೆ ಕೂತಿದ್ದ. ಏನೋ ಪಿಸಪಿಸ” ಎಂದ. ಮೆಲ್ಲಣ್ಣನ ಕಿವಿ ಗುಂಯ್ ಎಂದಿತು. ಅಂದು ಬೇಕರಿಗಳನ್ನೆಲ್ಲ ಹೇಗೆ ಮುಗಿಸಿದನೋ ಅವನಿಗೇ ತಿಳಿಯದು. ಮಧ್ಯಾಹ್ನ ಖಾಲಿ ಲಾರಿ ತಂದಾಗ ಎಲ್ಲರೂ ಊಟಕ್ಕೆ ಹೋಗಿದ್ದರು. ಅಂಗಳದಲ್ಲಿ ನರಪಿಳ್ಳೆಯೂ ಇರಲಿಲ್ಲ. ಗೇಟಿನವನು ಗೇಟು ತೆರೆಯಲಿಲ್ಲ. ಬಂದು ಲಾರಿಯ ಮೆಟ್ಟಿಲು ಹತ್ತಿ, ಕಿಟಕಿಯೊಳಕ್ಕೆ ತಲೆ ಹಾಕಿದ.

“ನನ್ನ ವಿಷಯ ಯಾರಿಗಾದ್ರೂ ಹೇಳಿದ್ಯಾ?”

ಮೆಲ್ಲಣ್ಣನಿಗೆ ಅರ್ಥವಾಗಲಿಲ್ಲ. “ನಿಮ್ಮ ಯಾವ ವಿಷಯ?”

“ನಾಟಕ ಆಡಬೇಡ. ನಾನು ಇಲ್ಲಿ ನಿವೃತ್ತಿ ಅಂತ ಬರ್ದಿದ್ದೀನಿ. ನಿವೃತ್ತಿ ಅಲ್ಲ, ಕಿತ್ತು ಹಾಕಿದ್ರು. ನಿಮ್ಮಂಥವರೇ ಯಾರೋ ದೂರು ಕೊಟ್ರು. ಯಜಮಾನಮ್ಮ ನಿನ್ನೆ ಕರೆಸಿ ಹಳೇ ಕೆಲಸದ ಕಾಗದ ತಂದ್ಕೊಡಿ ಅಂದ್ರು. ಇದ್ದಕ್ಕಿದ್ದ ಹಾಗೆ ಯಾಕೆ ಕೇಳಿದ್ರು?” ಅವನ ಬಾಯಿಯಿಂದ ಹುಳಿ ವಾಸನೆ ಬರುತ್ತಿತ್ತು. “ಕೇಳಿಸ್ಕೋ. ನೀನು ಬಾಯಿ ಬಿಟ್ರೆ ನಾನೂ ಬಿಡ್ತೀನಿ. ಆಫೀಸಲ್ಲಿ ನಿನ್ನ ಫಾರಂ ನೋಡಿದೀನಿ. ನಿನ್ನದು ಮಾತ್ರ ಅಲ್ಲ, ಸುಳ್ಳು ಸಹಿ ಹಾಕಿದ ಆ ಗಡಿಯಾರದ ಮುದುಕನನ್ನೂ ಒಳಗೆ ಹಾಕಿಸ್ತೀನಿ.”

ಇಷ್ಟು ದಿನ ತಾನು ಯಾರಿಗೆ ಹೆದರುತ್ತಿದ್ದನೋ ಅವನೂ ತನಗೆ ಹೆದರುತ್ತಿದ್ದ ಎಂದು ತಿಳಿದಾಗ ಮೆಲ್ಲಣ್ಣನಿಗೆ ಹಗುರಾಗಬೇಕಿತ್ತು. ಆಗಲಿಲ್ಲ. ಭಾವನ ಮಾತು ಬಂದದ್ದೇ ತಡ, ತಲೆಯೊಳಗೆ ಎಲ್ಲ ಬೆಳ್ಳಗಾಯಿತು. ಮತ್ತೆ ಕಣ್ಣು ಕಂಡಾಗ ತನ್ನ ಬಲಗೈ ಎಲ್ಲಿದೆ ಎಂದು ನೋಡಿಕೊಂಡ. ಅದು ಸೀಟಿನ ಕೆಳಗಿತ್ತು. ಬೆರಳುಗಳು ತಣ್ಣನೆಯ ಕಬ್ಬಿಣವನ್ನು ಸುತ್ತಿಕೊಂಡಿದ್ದವು.

ಅಷ್ಟು ಹೆದರಿಕೆ ಅವನಿಗೆ ಜೈಲಿನ ಮೊದಲ ದಿನವೂ ಆಗಿರಲಿಲ್ಲ. ಒಂದೊಂದೇ ಬೆರಳು ಬಿಡಿಸಿಕೊಂಡ. ಕೈಯನ್ನು ತೊಡೆಯ ಮೇಲಿಟ್ಟು, ಅದರ ಮೇಲೆ ಇನ್ನೊಂದು ಕೈ ಇಟ್ಟುಕೊಂಡ.

“ಇಳೀರಿ” ಎಂದ. ದನಿ ಹೊರಟದ್ದು ಅವನಿಗೇ ಕೇಳಿಸಲಿಲ್ಲ. “ದಯವಿಟ್ಟು ಬೇಗ ಇಳೀರಿ.”

ಅವನ ಮುಖದಲ್ಲಿ ಏನು ಕಂಡಿತೋ, ಗೇಟಿನವನು ಇಳಿದು ಹಿಂದೆ ಸರಿದ.

ಮೆಲ್ಲಣ್ಣ ಲಾರಿಯನ್ನು ಒಳಗೆ ನಿಲ್ಲಿಸಿ, ಹಿಟ್ಟು ಮೆತ್ತಿದ ಬಟ್ಟೆಯಲ್ಲೇ ಯಜಮಾನಿಯ ಕೋಣೆಗೆ ಹೋದ. ಲಾರಿಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟ. ನಿಂತುಕೊಂಡೇ ಎಲ್ಲವನ್ನೂ ಹೇಳಿದ: ಯಾರ್ಡಿನ ಜಗಳ, ರಾಡು, ಐದು ವರ್ಷ, ಹನ್ನೊಂದನೆಯ ಪ್ರಶ್ನೆ. ಯಜಮಾನಿ ಕನ್ನಡಕ ತೆಗೆದಳು.

“ನನ್ನ ಮಗಳು ನಿನ್ನ ಪಕ್ಕ ಕೂತು ಹೋಗಿದಾಳೆ” ಎಂದಳು. “ಎರಡು ಸಲ.”

“ಹೌದಮ್ಮ.”

“ಇವತ್ತೇ ಯಾಕೆ ಹೇಳ್ತಿದೀಯ? ಯಾರಾದ್ರೂ ಹೆದರಿಸಿದ್ರಾ?”

ಗೇಟಿನವನ ಸುದ್ದಿ ನಾಲಿಗೆಯ ತುದಿಗೆ ಬಂದಿತ್ತು. ಒಂದು ಮಾತು ಸಾಕಿತ್ತು. ಆದರೆ ಸಿಕ್ಕಿಬೀಳುವ ಹೆದರಿಕೆಯನ್ನು ಮೂರು ವಾರ ತಾನೇ ಉಂಡವನು, ಆ ಮಾತನ್ನು ನುಂಗಿಕೊಂಡ.

“ನನ್ನ ಕೈಗೇ ಹೆದರಿದೆ ಅಮ್ಮ” ಎಂದ. “ನಮ್ಮ ಭಾವನದು ತಪ್ಪಿಲ್ಲ. ನಾನೇ ಬಲವಂತ ಮಾಡಿ ಬರೆಸಿದ್ದು.” ಈ ಕೊನೆಯದು ಸುಳ್ಳು. ಅದೊಂದನ್ನು ಉಳಿಸಿಕೊಂಡ.

“ನಾಳೆಯಿಂದ ಬರಬೇಡ” ಎಂದಳು ಯಜಮಾನಿ. “ಜೈಲಿಗೆ ಹೋಗಿದ್ದೆ ಅಂತಲ್ಲ. ಎಂಟು ತಿಂಗಳು ನನ್ನನ್ನ ಕಣ್ಣು ಕಟ್ಟಿ ಕೂರಿಸಿದ್ಯಲ್ಲ, ಅದಕ್ಕೆ.” ಆಮೇಲೆ ಬೀಗದ ಕೈಯನ್ನು ತನ್ನ ಕಡೆ ಎಳೆದುಕೊಂಡಳು.

ಗೇಟಿನವನು ಅಂದು ಸಂಜೆ ಅವನಿಗೆ ಗೇಟು ತೆರೆದ. ನಂಬರ್ ಕೇಳಲಿಲ್ಲ. “ನನ್ನ ಹೆಸರು ಬಂತಾ?” ಎಂದು ಮೆಲ್ಲಗೆ ಕೇಳಿದ. ಮೆಲ್ಲಣ್ಣ ಇಲ್ಲವೆಂದು ತಲೆಯಾಡಿಸಿ ನಡೆದುಬಿಟ್ಟ. ಆ ಮನುಷ್ಯ ಆಮೇಲೆ ಎಷ್ಟು ದಿನ ಅಲ್ಲಿದ್ದ, ಕಾಗದ ಎಲ್ಲಿಂದ ತಂದ, ಅದು ಅವನಿಗೆ ತಿಳಿಯಲಿಲ್ಲ.

ಪೊಲೀಸರು ಬರುತ್ತಾರೆಂದು ಐದು ದಿನ ಮನೆಯವರೆಲ್ಲ ಬಾಗಿಲ ಕಡೆಗೇ ಕಿವಿ ಇಟ್ಟುಕೊಂಡಿದ್ದರು. ಆರನೆಯ ದಿನ ಬಾಗಿಲು ಬಡಿದಾಗ ಅಕ್ಕ ಹೊಲಿಯುತ್ತಿದ್ದ ಬಟ್ಟೆಯನ್ನು ಹಾಗೇ ಕೈಯಲ್ಲಿ ಮುದ್ದೆ ಮಾಡಿ ಹಿಡಿದಳು. ಭಾವ ಅಂಗಿ ಸರಿಮಾಡಿಕೊಂಡು ತಾವೇ ಎದ್ದು ಹೋದರು. ಬಂದವನು ಗಿರಣಿಯ ಗುಮಾಸ್ತ. ಕೈಯಲ್ಲಿ ಒಂದು ಲಕೋಟೆ.

“ಇದನ್ನ ಬರೆಯೋಕೆ ಯಜಮಾನಮ್ಮ ಮೂರು ದಿನ ತಗೊಂಡ್ರು” ಎಂದ. “ನಾಲ್ಕು ಹಾಳೆ ಹರಿದ್ರು.”

ಒಳಗಿದ್ದದ್ದು ಐದಾರು ಸಾಲು. ಈತ ಎಂಟು ತಿಂಗಳು ನಮ್ಮ ಲಾರಿ ಓಡಿಸಿದ್ದಾನೆ. ಲಾರಿಗೆ ಒಂದು ಗೀರೂ ಬಿದ್ದಿಲ್ಲ. ಒಂದು ಮೂಟೆಯೂ ಕಡಿಮೆಯಾಗಿಲ್ಲ. ಜೈಲಿಗೆ ಹೋಗಿದ್ದನ್ನು ಮೊದಲು ಮುಚ್ಚಿಟ್ಟಿದ್ದ, ಆಮೇಲೆ ತಾನೇ ಬಂದು ಹೇಳಿದ. ನಿಮಗೆ ಸರಿ ಕಂಡ ಹಾಗೆ ಮಾಡಿ.

ಆ ಕಾಗದ ಹಿಡಿದು ನಾಲ್ಕು ಕಡೆ ಅಲೆದ. ಐದನೆಯವನು ಗಾಜಿನ ವ್ಯಾಪಾರಿ. ಕಟ್ಟಡಗಳಿಗೆ ಬಾಗಿಲಗಲದ ಗಾಜಿನ ಹಾಳೆಗಳನ್ನು ಸಾಗಿಸುವವನು. ಕಾಗದವನ್ನು ಎರಡು ಸಲ ಓದಿದ.

“ಸಿಟ್ಟು ಬಂದ್ರೆ ಏನ್ಮಾಡ್ತೀಯ?”

“ಲಾರಿ ನಿಲ್ಲಿಸಿ ಇಳಿದು ದೂರ ಹೋಗ್ತೀನಿ.”

“ಲಾರಿ ತುಂಬ ಗಾಜಿದ್ರೆ?”

“ಗಾಜಿದ್ದಾಗ ಸಿಟ್ಟು ಮಾಡ್ಕೊಳ್ಳೋಕೆ ನನ್ನ ಕೈಲಾಗಲ್ಲ ಸಾರ್.”

ವ್ಯಾಪಾರಿಗೆ ನಗು ಬಂತು. ಮೂರು ತಿಂಗಳು ನೋಡುತ್ತೇನೆ ಎಂದ. ಆದರೆ ಕೆಲಸದವರಿಗೆಲ್ಲ ವಿಷಯ ಮೊದಲೇ ತಿಳಿಸಿದ. ತಿಳಿಸಿದ ದಿನದಿಂದ ಊಟದ ಹೊತ್ತಿಗೆ ಮೆಲ್ಲಣ್ಣನ ಪಕ್ಕದ ಬೆಂಚು ಖಾಲಿ. ಈಗ ಹೆದರುವ ಸರದಿ ಅವರದು. ಜಾಕಿ ಮತ್ತು ರಾಡನ್ನು ಅವನು ಹಿಂದಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಗಾಜು ಇಳಿಸಲು ಜೊತೆಗೆ ಬರುವ ಮುದುಕ ಕೆಲಸಗಾರನಿಗೆ ಕೊಟ್ಟ.

ಆ ಮುದುಕನಿಗೋ ಜೀವದಲ್ಲಿ ಜೀವವಿರಲಿಲ್ಲ. ಮೊದಲ ತಿಂಗಳು ಲಾರಿ ಎಲ್ಲಿಗೇ ಹೋಗಲಿ, ಅವನ ಕೈ ಬಾಗಿಲ ಹಿಡಿಯ ಮೇಲೇ ಇರುತ್ತಿತ್ತು. ಕೇಳಿದ್ದಕ್ಕೆ ಹೂಂ, ಇಲ್ಲದಿದ್ದರೆ ಊಹೂಂ. ಮೆಲ್ಲಣ್ಣನೂ ಮಾತಾಡಿಸಲು ಹೋಗಲಿಲ್ಲ. ಎರಡನೆಯ ತಿಂಗಳ ಕೊನೆಗೆ ಒಂದು ಮಧ್ಯಾಹ್ನ, ಸಿಗ್ನಲ್ಲಿನಲ್ಲಿ ಲಾರಿ ನಿಂತಾಗ ಪಕ್ಕದಲ್ಲಿ ಸಣ್ಣಗೆ ಗೊರಕೆ ಕೇಳಿಸಿತು. ಮುದುಕನ ತಲೆ ಎದೆಯ ಮೇಲೆ ವಾಲಿತ್ತು, ಕೈ ಮಡಿಲಲ್ಲಿ ಬಿದ್ದಿತ್ತು. ದೀಪ ಹಸಿರಾಯಿತು. ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ಮೆಲ್ಲಣ್ಣ ಕ್ಲಚ್ಚನ್ನು ಎಷ್ಟು ನಿಧಾನ ಬಿಡಬಹುದೋ ಅಷ್ಟು ನಿಧಾನವಾಗಿ ಬಿಟ್ಟ.