ಅವ್ವನ ಫ್ರಿಜ್ಜಿನಲ್ಲಿ ಎರಡು ಹನಿ

ಬೇಗಂಪೇಟೆಯ ಕಾರ್ಗೋ ಆಫೀಸಿನಿಂದ ಆ ಥರ್ಮೊಕೋಲ್ ಡಬ್ಬಿ ಕೈಗೆ ಬಂದ ಶನಿವಾರ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಒಳಗಿದ್ದದ್ದು ಕಿರುಬೆರಳಿಗಿಂತ ಚಿಕ್ಕ ಸೀಸೆ, ಅದರ ತಳದಲ್ಲಿ ಎರಡು ಹನಿ ಆ್ಯಂಟಿಬಾಡಿ. ಜೀವಕೋಶದೊಳಗೆ ಸುದ್ದಿ ಮುಟ್ಟಿಸುವ ಒಂದು ಪ್ರೋಟೀನನ್ನು ಸಾವಿರಾರು ಪ್ರೋಟೀನುಗಳ ನಡುವೆ ಗುರುತು ಹಿಡಿಯುವುದು ಅದರ ಕೆಲಸ. ಅದಿಲ್ಲದೆ ನನ್ನ ಪಿಎಚ್.ಡಿ. ಒಂದು ಹೆಜ್ಜೆಯೂ ಮುಂದೆ ಹೋಗುವಂತಿರಲಿಲ್ಲ. ನಾಲ್ಕು ತಿಂಗಳು ಕಾದಿದ್ದೆ. ಇದನ್ನು ಹಾಳು ಮಾಡಿದರೆ ಈ ವರ್ಷ ಇನ್ನೊಂದು ತರಿಸುವುದಿಲ್ಲವೆಂದು ನಮ್ಮ ಗೈಡ್ ಮೊದಲೇ ಹೇಳಿಬಿಟ್ಟಿದ್ದರು. ಆಟೋದಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಒಬ್ಬಳೇ ನಕ್ಕೆ. ಆಟೋದವನು ಕನ್ನಡಿಯಲ್ಲಿ ಎರಡು ಸಲ ನೋಡಿದ.

ವೈರಿಂಗ್ ದುರಸ್ತಿಗೆಂದು ಸೋಮವಾರದವರೆಗೆ ಲ್ಯಾಬಿನಲ್ಲಿ ಕರೆಂಟು ತೆಗೆದಿದ್ದರು. ಹೀಗಾಗಿ ಸೀಸೆ ನಮ್ಮ ಮನೆಗೆ ಬಂತು. ಅದು ಇಲಿಯ ಜೀವಕೋಶಗಳಿಂದ ತಯಾರಾದದ್ದು ಎಂಬುದನ್ನು ಮಾತ್ರ ಅವ್ವನಿಂದ ಮುಚ್ಚಿಟ್ಟೆ. ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆ ನಮ್ಮದು. ಲ್ಯಾಬಿನ ಸಾಮಾನು, ತಂಪಾಗಿರಬೇಕು ಎಂದಷ್ಟೇ ಹೇಳಿ ಮೊಸರಿನ ಪಾತ್ರೆಯ ಪಕ್ಕ ಡಬ್ಬಿಯನ್ನು ತುರುಕಿದೆ.

ಭಾನುವಾರ ಬೆಳಿಗ್ಗೆ ಫ್ರಿಜ್ ತೆಗೆದರೆ ಡಬ್ಬಿ ಇಲ್ಲ. ಇಲಿಯ ವಿಷಯ ತಿಳಿದು ಅವ್ವ ಬೀದಿಯ ತೊಟ್ಟಿಗೆ ಹಾಕಿಬಿಟ್ಟಳು ಎಂದುಕೊಂಡೆ. ಅವ್ವ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದಳು. ಕೇಳಿದರೆ, ಸೀಸೆಯನ್ನಷ್ಟೇ ತೆಗೆದು ಫ್ರೀಜರಿನಲ್ಲಿ ಇಟ್ಟಿದ್ದೇನೆ ಅಂದಳು. ತೊಟ್ಟಿಗೆ ಹಾಕಿದ್ದರೆ ಹೆಕ್ಕಿಯಾದರೂ ತರಬಹುದಿತ್ತು, ಇದಕ್ಕೆ ಇನ್ನೂ ಬೆದರಿದೆ. ಗಡ್ಡೆಕಟ್ಟಿ ಕರಗಿ, ಮತ್ತೆ ಗಡ್ಡೆಕಟ್ಟಿದರೆ ಆ್ಯಂಟಿಬಾಡಿ ಕೆಟ್ಟಹಾಗೇ ಎಂದು ಲ್ಯಾಬಿನಲ್ಲಿ ಹೆದರಿಸಿಟ್ಟಿದ್ದರು. ನಮ್ಮ ಬೀದಿಯಲ್ಲೋ ದಿನಕ್ಕೆರಡು ಸಲ ಕರೆಂಟು ಹೋಗುತ್ತಿತ್ತು.

ಐಸ್ ಟ್ರೇ ಹಿಂದಿನಿಂದ ಸೀಸೆಯನ್ನು ಎಳೆದು ಕಿಟಕಿಯ ಬೆಳಕಿಗೆ ಹಿಡಿದು ವಾಲಿಸಿದೆ. ಒಳಗಿನ ಹನಿ ನಿಧಾನವಾಗಿ ಜಾರಿತು. ಅದು ಗಡ್ಡೆಕಟ್ಟಿರಲೇ ಇಲ್ಲ.

“ಡಬ್ಬಿಯಾಗಿನ ಕಾಗದ ನೀ ಓದಿಲ್ಲೇನು?” ಅಂದಳು ಅವ್ವ. “ಅರ್ಧ ಗ್ಲಿಸರಿನ್ ಐತಿ, ಮೈನಸ್ ಇಪ್ಪತ್ತರಾಗ ಇಡ್ರಿ, ಗಟ್ಟಿ ಆಗೂದಿಲ್ಲ ಅಂತ ಬರದಾರ.”

ಸರಕಾರಿ ಕಚೇರಿಯಲ್ಲಿ ಫೈಲು ನೋಡಿಯೇ ನಿವೃತ್ತಳಾದ ಅವ್ವ ಯಾವ ಕಾಗದವನ್ನೂ ಕೊನೆಯ ಸಾಲಿನವರೆಗೆ ಓದದೆ ಬಿಡುವವಳಲ್ಲ. ವಿಜ್ಞಾನಿ ಎಂದು ಮೆರೆಯುತ್ತಿದ್ದ ನಾನು ಆ ಕಾಗದದ ಮಡಿಕೆ ಕೂಡ ಬಿಚ್ಚಿರಲಿಲ್ಲ. ನಾಚಿಕೆಯೂ ಖುಷಿಯೂ ಒಟ್ಟಿಗೇ ಉಕ್ಕಿ ಬಂದವು. ಸೀಸೆಯನ್ನು ಮತ್ತೆ ಒಳಗಿಟ್ಟು, ಫ್ರಿಜ್ಜಿಗೆ ಒರಗಿ ನೆಲದ ಮೇಲೆ ಕುಸಿದು, ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುವ ನಡುವೆಯೇ ಹೊಳೆಯಿತು. ಕೊನೆಯ ಸಾಲಿನವರೆಗೆ ಓದಿದ್ದರೆ ಉಳಿದದ್ದನ್ನೂ ಓದಿರಬೇಕು. ನಗು ನಿಂತಿತು.

ಅವ್ವ ಸೊಪ್ಪಿನಿಂದ ತಲೆ ಎತ್ತಲಿಲ್ಲ.

“ಇಲಿದು ಅಂತಾನೂ ಓದೀನಿ. ನಿನ್ನೆ ನಂಗ ಊಟ ಸೇರಲಿಲ್ಲ. ಆದ್ರ ನಾಕು ತಿಂಗಳಿಂದ ನೀ ಇದರ ದಾರೀನ ಕಾಯಾಕತ್ತಿದ್ದಿ. ಕೆಟ್ಟು ಹೋದ್ರ ಹೆಂಗ?”