ಹಚ್ಚಿದ್ದು ಯಾವ ಎಣ್ಣೆ?

ಅದು ೧೯೬೫ನೇ ಇಸವಿ. ದಾವಣಗೆರೆಯಲ್ಲಿ ಹುಟ್ಟಿ ಬೆಳೆದ ನಾನು ಕೊಂಡಜ್ಜಿಗೆ ಸೊಸೆಯಾಗಿ ಬಂದ ಹೊಸತು. ನಾದಿನಿ ಗಿರಿಜಾಗೆ ಹದಿನೈದು ವರ್ಷ. ಸೊಂಟದ ಕೆಳಗೆ ಇಳಿಯುವ ಜಡೆ, ಜಡೆ ತುಂಬಾ ಹೇನು! ಒಂದು ಬೆಳಿಗ್ಗೆ ಅತ್ತೆಗೆ ರೇಗಿಹೋಯಿತು. “ಇವತ್ತು ಒಂದೂ ಉಳಿಬಾರ್ದು ನೋಡು” ಎಂದು ಅವಳನ್ನು ಹಿತ್ತಲಿಗೆ ಎಳೆದುಕೊಂಡು ಹೋದರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಗಿರಿಜಾಗೆ ವಾಂತಿ ಶುರುವಾಯಿತು. ಬಾಯಿಂದ ಜೊಲ್ಲು, ಮೈಯೆಲ್ಲ ಬೆವರು. ಕೆನ್ನೆ, ತೋಳಿನ ಮಾಂಸ ತಾನಾಗಿಯೇ ಪಟಪಟ ಅದುರುತ್ತಿತ್ತು. ನನ್ನ ಯಜಮಾನರು ಗಾಡಿ ಕಟ್ಟಿದರು, ಅತ್ತೆಯೂ ಹತ್ತಿ ಕೂತರು. ಹರಿಹರದವರೆಗೂ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಕೂದಲಿನಿಂದ ಏನೋ ಘಾಟು ವಾಸನೆ. ನನ್ನ ಕೈ ಹಿಡಿದುಕೋ ಎಂದರೆ ಅವಳ ಬೆರಳಲ್ಲಿ ಬಲವೇ ಇರಲಿಲ್ಲ. ದಾರಿಯಲ್ಲೇ ಹೋಗಿಬಿಡುತ್ತಾಳೇನೋ ಎಂದು ಮತ್ತೆ ಮತ್ತೆ ಅವಳ ಮೂಗಿನ ಬಳಿ ಬೆರಳು ಹಿಡಿದು ನೋಡುತ್ತಿದ್ದೆ.

ಹರಿಹರದ ಡಾಕ್ಟರು ಮೈಸೂರು ಕಡೆಯವರು. “ಏನಾದ್ರೂ ಕುಡಿದಳಾ? ಔಷಧಿ ಗಿವುಷಧಿ?” ಎಂದು ಕೇಳಿದರು.

“ಏನಿಲ್ರಿ ಸಾಹೇಬ್ರ. ಹೇನಿಗೆ ಅಂತ ತಲೆಗೆ ಒಂಚೂರು ಎಣ್ಣೆ ಹಚ್ಚೀನಿ, ಅಷ್ಟ” ಎಂದರು ಅತ್ತೆ.

ಡಾಕ್ಟರು ಎಣ್ಣೆಯ ಮಾತು ಅಲ್ಲಿಗೇ ಬಿಟ್ಟು ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡತೊಡಗಿದರು. ನನಗೆ ಮಾತ್ರ ಗಾಡಿಯಲ್ಲಿ ಬಂದ ಆ ಘಾಟು ನೆನಪಾಯಿತು. ಕೊಂಡಜ್ಜಿಯಲ್ಲಿ ಹತ್ತಿಗೆ ಹೊಡೆಯುವ ವಿಷಕ್ಕೂ ಎಣ್ಣೆ ಎಂದೇ ಹೆಸರು. ಹೊಲಕ್ಕೆ ಎಣ್ಣೆ ಹೊಡೆಯುತ್ತಾರೆಂದು ಮೊದಲ ಸಲ ಕೇಳಿ, ಏನು ಹೊಲಕ್ಕೂ ಒಗ್ಗರಣೆಯೇ ಎಂದು ನಕ್ಕವಳು ನಾನು.

“ಅತ್ತೆ, ಯಾವ ಎಣ್ಣೆ? ಹೊಲದ್ದಾ?”

“ಹೂಂ, ಹೊಲದ್ದ. ಹುಳಾನ ಸಾಯ್ತಾವು, ಹೇನು ಸಾಯಲ್ಲೇನು?”

ಡಾಕ್ಟರು ಹೌಹಾರಿದರು. “ಮೊದಲು ಕೂದಲು ಕತ್ತರಿಸಿ, ಸೋಪು ಹಾಕಿ ತೊಳೀರಿ!” ಎಂದು ಕೂಗಿ ಇಂಜೆಕ್ಷನ್ ಚುಚ್ಚಿದರು. ಸ್ವಲ್ಪ ಹೊತ್ತಿಗೆ ಇನ್ನೊಂದು, ಮತ್ತೊಂದು. ನಡುವೆ ನನಗೆ ಹೇಳಿದರು: “ನರ ಸ್ನಾಯುವನ್ನ ಮುಟ್ಟಿರಲ್ಲಮ್ಮ, ಮಧ್ಯ ಒಂದು ಸಂದು ಇರುತ್ತೆ. ನರ ಒಂದು ರಸ ಬಿಟ್ಟು ಆ ಕಡೆಗೆ ಮಾತು ದಾಟಿಸುತ್ತೆ. ಮಾತು ಮುಟ್ಟಿದ ಮೇಲೆ ರಸ ಅಳಿಸಿ ಹೋಗಬೇಕು. ಈ ವಿಷ ಅಳಿಸೋಕೆ ಬಿಡಲ್ಲ. ಸ್ನಾಯು ಅದೇ ಮಾತು ಕೇಳಿ ಕೇಳಿ ಸೋತುಹೋಗುತ್ತೆ. ಉಸಿರಾಡೋ ಸ್ನಾಯುನೂ ಸೋತರೆ...” ಎನ್ನುತ್ತಾ ಇನ್ನೊಂದು ಸೂಜಿಗೆ ಮದ್ದು ತುಂಬಿಕೊಂಡರು. “ಬಾಯಿ ಒಣಗಿದರೆ ಇಂಜೆಕ್ಷನ್ ಹಿಡೀತು ಅಂತ ಲೆಕ್ಕ” ಎಂದಷ್ಟೇ ಅಂದರು.

ನಾನು ಅವಳ ಎದೆಯನ್ನೇ ನೋಡುತ್ತಾ ಕೂತೆ. ಅದು ಏರಿದರೆ ನನಗೂ ಉಸಿರು. ಅತ್ತೆ ಮೂಲೆಯಲ್ಲಿ ಸೆರಗು ಕಚ್ಚಿಕೊಂಡು ಕೂತಿದ್ದರು. ದೀಪ ಹಚ್ಚುವ ಹೊತ್ತಿಗೆ ಗಿರಿಜಾ ತುಟಿ ಅಲ್ಲಾಡಿಸಿದಳು. “ವೈನಿ, ಬಾಯಿ ಒಣಗೈತೆ... ನೀರು.” ನಾನು ಗೊಳೋ ಎಂದು ಅತ್ತುಬಿಟ್ಟೆ.

ಗಿರಿಜಾ ಬದುಕಿದಳು. ಎರಡು ವರ್ಷಕ್ಕೆ ಕೂದಲು ಹೆಗಲು ಮುಟ್ಟಿತು. ಆದರೆ ಹಬ್ಬ ಬಂತೆಂದರೆ ಅತ್ತೆ ಕೊಬ್ಬರಿ ಎಣ್ಣೆ ಬಿಸಿಮಾಡಿ ಬಟ್ಟಲನ್ನು ನನ್ನ ಮುಂದಿಟ್ಟು, “ನೀನ ಹಚ್ಚವ್ವ” ಎಂದು ಎದ್ದು ಹೋಗುತ್ತಿದ್ದರು. ಸಾಯುವವರೆಗೂ ಅವರು ಮಗಳ ತಲೆ ಮುಟ್ಟಲಿಲ್ಲ.