ಮಾವನ ಗದ್ದೆಗಿಳಿದ ವಿಮಾನ

ಕಾಲೇಜಿನ ದಿನಗಳಲ್ಲಿ ನನ್ನ ಡೈರಿಯ ಪ್ರತಿ ಪುಟದಲ್ಲೂ ಮೂರು ಕಲಂ ಇರುತ್ತಿದ್ದವು: ಮಳೆ, ಬಸ್ಸು, ನೆಂಟರು. ಎಪ್ಪತ್ತರ ದಶಕದ ಒಂದು ಆಗಸ್ಟ್‌ನಲ್ಲಿ ಬಳ್ಳಾರಿಯ ಪಾರ್ವತಿನಗರದಿಂದ ಹಚ್ಚೊಳ್ಳಿಗೆ, ಸೋದರಮಾವನ ಮನೆಗೆ ಹೋಗಿದ್ದಾಗ ಅವನ ಗದ್ದೆಗೆ ವಿಮಾನ ಬಿತ್ತು. ಅದನ್ನು ನೆಂಟರ ಕಲಮ್ಮಿಗೆ ಹಾಕಿದೆ. ಹೇಳದೆ ಕೇಳದೆ ಬಂದದ್ದಲ್ಲದೆ, ಬೇಗ ಹೋಗುವ ಲಕ್ಷಣವೂ ಅದಕ್ಕಿರಲಿಲ್ಲ.

ಯಾರೋ ಗಣಿ ಸಾಹುಕಾರರ ಪುಟ್ಟ ವಿಮಾನ. ಒಳಗೆ ಪೈಲಟ್ ಒಬ್ಬನೇ. ಕುರುಗೋಡಿನ ಗುಡ್ಡ ಕಂಡರೆ ಬಳ್ಳಾರಿ ಬಂತೆಂದು ಅವನ ಅಂದಾಜು. ಆವತ್ತು ಮೋಡ ಗುಡ್ಡವನ್ನೇ ನುಂಗಿತ್ತು. ಸುತ್ತಿ ಸುತ್ತಿ ಸಾಕಾಗಿ, ಮಳೆಯ ಮಬ್ಬಿನಲ್ಲಿ ಮಟ್ಟಸವಾಗಿ ಕಂಡ ಕಡೆ ಇಳಿಸಿದ. ಅದು ಮಾವ ಹಿಂದಿನ ವಾರವಷ್ಟೇ ನಾಟಿ ಮುಗಿಸಿದ್ದ ಭತ್ತದ ಗದ್ದೆ. ವಿಮಾನ ಕಾಲುವೆ ದಾರಿಯ ಕಡೆಯಿಂದ ಉದ್ದಕ್ಕೆ ಉತ್ತುಕೊಂಡು ಬಂದು, ಕೆಸರಲ್ಲಿ ಮೂಗು ಹೂತು ಬಾಲ ಎತ್ತಿ ನಿಂತಿತು. ಪೈಲಟ್‌ನ ಹಣೆ ತರಚಿತ್ತು, ಅಷ್ಟೇ. ಅತ್ತೆ ಅವನ ತಲೆಗೆ ಟವೆಲ್ ಸುತ್ತಿ, ಬದುವಿನ ಮೇಲೆ ಕೂರಿಸಿ ಚಹಾ ಕೊಟ್ಟಳು.

ವಿಮಾನ ಹಾಳು ಮಾಡಿದ್ದು ಗದ್ದೆಯ ಒಂದು ಪಟ್ಟೆಯನ್ನು ಮಾತ್ರ. ಉಳಿದದ್ದನ್ನು, ನೋಡಲು ಬಂದವರು ತುಳಿಯತೊಡಗಿದರು. ಸಿರುಗುಪ್ಪದಿಂದಲೂ ಟ್ರ್ಯಾಕ್ಟರ್ ತುಂಬಿ ಬಂದರು.

“ಬದುವಿನ ಮ್ಯಾಲೆ ನಿಂತು ನೋಡ್ರಲೇ! ಸಸಿ ಇನ್ನಾ ಬೇರು ಹಿಡಿದಿಲ್ಲ!” ಮಾವ ಕೂಗಿದ.

“ಇಲ್ಲಿಂದ ಬರೇ ಬಾಲ ಕಾಣ್ತೈತಿ ಯಜಮಾನ್ರ. ಒಂದೀಟು ಮುಖ ನೋಡಿ ಬರ್ತೀನಿ,” ಎಂದು ಒಬ್ಬ ಪಂಚೆ ಎತ್ತಿಕೊಂಡು ಇಳಿದೇಬಿಟ್ಟ.

ವಿಮಾನ ಇರುವ ತನಕ ಜನ ಕದಲುವುದಿಲ್ಲ, ಜನ ಇರುವ ತನಕ ನಾಟಿ ಉಳಿಯುವುದಿಲ್ಲ. ಮಾವ ಪೈಲಟ್‌ನ ಮುಂದೆ ನಿಂತ. “ತೆಗೀರಿ ನಿಮ್ಮ ಗಾಡಿ.”

ಎಂಜಿನಿಯರು ಬರಬೇಕು ಎಂದು ಅವನು ತೆಲುಗಿನಲ್ಲಿ ಹೇಳಿದ.

“ಅವರು ಬರೋದ್ರಾಗ ನನ್ನ ಗದ್ದಿ ಅಂಗಳ ಆಗಿರ್ತೈತಿ.”

ನಮ್ಮ ಕಡೆ ಕೆಸರಿಗೆ ಸಿಕ್ಕ ಟ್ರ್ಯಾಕ್ಟರನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಎಳೆಯುತ್ತಾರೆ. ವಿಮಾನಕ್ಕೆ ಬೇರೆ ಕಾನೂನು ಯಾಕೆ? ಮಾವ ತನ್ನ ಟ್ರ್ಯಾಕ್ಟರನ್ನು ಆಳಿನ ಕೈಲಿ ಕಾಲುವೆ ದಾರಿಗೆ ತರಿಸಿ, ಉದ್ದನೆಯ ಹಗ್ಗವನ್ನು ವಿಮಾನದ ಬಾಲಕ್ಕೆ ಬಿಗಿಸಿದ.

ಪೈಲಟ್ ಕೈ ಮುಗಿದ. ಅದು ತೆಳು ತಗಡು, ತಾಳುವುದಿಲ್ಲವೆಂದ.

“ಇಂಥಾವು ವರ್ಷಾ ವರ್ಷಾ ತೆಗೀತೀವ್ರಿ. ನೀವು ಚಹಾ ಕುಡೀರಿ,” ಎಂದ ಮಾವ.

ಟ್ರ್ಯಾಕ್ಟರ್ ಎಳೆಯಿತು. ಬಾಲ ಬಂತು. ವಿಮಾನ ಬರಲಿಲ್ಲ.

ಪೈಲಟ್ ಕಣ್ಣು ಮುಚ್ಚಿಕೊಂಡ. ಗದ್ದೆಯಲ್ಲಿದ್ದ ಜನ ಮಾತ್ರ ಹೋ ಎಂದು ಬಾಲದ ಹಿಂದೆ ಓಡಿದರು. ಮಾವ ಒಂದು ಕ್ಷಣ ಅವರನ್ನೇ ನೋಡಿ, ಟ್ರ್ಯಾಕ್ಟರಿನವನಿಗೆ ಗಂಟಲು ಹರಿಯುವಂತೆ ಕೂಗಿದ: “ನಿಲ್ಲಿಸಬ್ಯಾಡಲೇ! ಹಂಗೇ ಸಿರುಗುಪ್ಪ ರಸ್ತೆಗೆ ಹೊಡಿ!”

ಬಾಲ ಮುಂದೆ, ಊರೆಲ್ಲ ಹಿಂದೆ. ಗದ್ದೆ ಖಾಲಿಯಾಯಿತು. ಮಾವ ಬಗ್ಗಿ, ಕೆಸರಲ್ಲಿ ಮಲಗಿದ್ದ ಸಸಿಗಳನ್ನು ಎತ್ತಿ ನೆಡತೊಡಗಿದ. ಅತ್ತೆಯೂ ನಾನೂ ಇಳಿದೆವು.

“ಬಾಲದ ಬಗ್ಗೆ ಸಾಹುಕಾರರಿಗೆ ಏನು ಹೇಳಲಿ?” ಎಂದು ಪೈಲಟ್ ಕೇಳಿದ.

“ಮಳಿ ಜೋರಿತ್ತು ಅನ್ರಿ.”

ಸ್ವಲ್ಪ ಹೊತ್ತು ಕೂತಿದ್ದು, ಅವನೂ ಬೂಟು ಬಿಚ್ಚಿ ಗದ್ದೆಗಿಳಿದ. ಟವೆಲ್ ಸುತ್ತಿದ ತಲೆ ಬಗ್ಗಿಸಿ ಶ್ರದ್ಧೆಯಿಂದ ಒಂದು ಸಾಲು ನೆಟ್ಟ. ಮಾವ ಬಂದು ನೋಡಿ, ಅದನ್ನಷ್ಟೂ ಕಿತ್ತು ಬದುವಿಗೆಸೆದ.

“ಸಾಹೇಬ್ರ, ಇದು ಕಳೆ. ನೀವು ಚಹಾನೇ ಕುಡೀರಿ.”